ಬ್ಯಾಂಕಿನವರು ‘ಊರಿಗೆ ಏನು ಬೇಕು’ ಎಂದು ಕೇಳಿದ್ದಾರೆ: ನೆರೆ ಬರುವ ಊರು ಏನು ಕೇಳಬೇಕು?

ಮಲಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲಪ್ರಭಾ ಹೊಳೆಯ ದಂಡೆಯ ಊರು. 2009ರ ನೆರೆಯನ್ನೂ ಕಂಡಿದ್ದೇವೆ, 2019ರ ಆಗಸ್ಟಿನದನ್ನೂ ಕಂಡಿದ್ದೇವೆ. ಈಗ ವಿಷಯ ಏನೆಂದರೆ, ಊರಿನವರ ಖಾತೆಗಳೆಲ್ಲ ಇರುವ ಬ್ಯಾಂಕಿನವರು ಸಮಾಜ ಸೇವೆಗೆ ಎತ್ತಿಟ್ಟ ಹಣದಲ್ಲಿ ನಮ್ಮ ಭಾಗಕ್ಕೂ ಸ್ವಲ್ಪ ಕೊಡುತ್ತಾರಂತೆ. “ಏನು ಬೇಕೋ ಬರೆದು ಕೊಡಿ, ಮೇಲಿನ ಕಚೇರಿಗೆ ಕಳಿಸ್ತೀವಿ” ಎಂದು ಮ್ಯಾನೇಜರ್ ಸಾಹೇಬರು ಪಂಚಾಯಿತಿಗೆ ಬಂದು ಹೇಳಿ ಹೋದರು.

ಸಭೆ ಸೇರಿದೆವು. ಒಬ್ಬರು ಶುದ್ಧ ನೀರಿನ ಘಟಕ ಅಂದರು, ಒಬ್ಬರು ಶಾಲೆಗೆ ಬೆಂಚು, ಇನ್ನೊಬ್ಬರು ಗುಡಿಯ ಮುಂದೆ ಹೈಮಾಸ್ಟ್ ದೀಪ. ಕೆಲವರು, ನೆರೆ ಬಂದಾಗ ಕಿಟ್ ಕೊಟ್ಟರೆ ಸಾಕು ಅಂದರು.

ನನಗೆ ಸಮಾಧಾನ ಆಗಲಿಲ್ಲ. ನೀರು ಇಳಿದ ಮೇಲೆ ಕಿಟ್ಟು, ಚಾದರ, ಬಿಸ್ಕಿಟ್ ನಾಲ್ಕೂ ದಿಕ್ಕಿನಿಂದ ಬರುತ್ತವೆ. ರಸ್ತೆ ಪಕ್ಕದ ಒಂದೇ ಮನೆಗೆ ಮೂರು ಮೂರು ಬಕೆಟ್ ಬಂದದ್ದೂ ಉಂಟು, ಹೊಲದ ಮನೆಯವರಿಗೆ ಒಂದೂ ಸಿಗದೆ ಹೋದದ್ದೂ ಉಂಟು. ಬಕೆಟ್ ಕೊಡಲು ಬೇಕಾದಷ್ಟು ಜನ ಇದ್ದಾರೆ. ಬ್ಯಾಂಕು ಮಾತ್ರ ಮಾಡಬಹುದಾದ ಕೆಲಸ ಬೇರೆ ಇರಬೇಕಲ್ಲವೇ? ಅದು ಯಾವುದು, ಅದನ್ನು ಹೇಗೆ ಕೇಳಬೇಕು? ತಿಳಿದವರು ಹೇಳಿ. ಪತ್ರ ಮೇ ತಿಂಗಳ ಮೊದಲು ಕೊಡಬೇಕು.

ನಿವೃತ್ತ ಫೀಲ್ಡ್ ಆಫೀಸರ್

ಒಳ್ಳೆಯ ಪ್ರಶ್ನೆ. ಮೊದಲು ಆ ಹಣ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡರೆ ಎಷ್ಟು ಕೇಳಬಹುದು ಎಂಬ ಅಂದಾಜು ಸಿಗುತ್ತದೆ.

ಖಾಸಗಿ ಬ್ಯಾಂಕುಗಳು ಕಂಪನಿಗಳು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅವುಗಳಿಗೆ ಅನ್ವಯಿಸುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ವ್ಯವಹಾರ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯಲ್ಲೇ ಇದೆ. ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಎನ್ನುವ 7ನೇ ಅನುಸೂಚಿಗೆ 2019ರಲ್ಲಿ ವಿಪತ್ತು ನಿರ್ವಹಣೆ ಸೇರಿತು; ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣ ಮೂರೂ ಅದರೊಳಗೆ ಬರುತ್ತವೆ.

ಸಾರ್ವಜನಿಕ ವಲಯದ ಬ್ಯಾಂಕುಗಳ ಕಥೆ ಬೇರೆ. ಅವು ಕಂಪನಿ ಕಾಯ್ದೆಯ ಕೆಳಗೆ ಹುಟ್ಟಿದವಲ್ಲ. ಸ್ಟೇಟ್ ಬ್ಯಾಂಕಿಗೆ 1955ರ ಕಾಯ್ದೆ, ಉಳಿದ ರಾಷ್ಟ್ರೀಕೃತ ಬ್ಯಾಂಕುಗಳಿಗೆ 1970 ಮತ್ತು 1980ರ ಕಾಯ್ದೆಗಳು. ಹಾಗಾಗಿ ಶೇ. 2ರ ಕಡ್ಡಾಯ ಅವುಗಳಿಗಿಲ್ಲ. ರಿಸರ್ವ್ ಬ್ಯಾಂಕಿನ 2005ರ ಸುತ್ತೋಲೆಯಂತೆ ಹಿಂದಿನ ವರ್ಷದ ಲಾಭದ ಶೇ. 1ರ ಮಿತಿಯೊಳಗೆ ದೇಣಿಗೆ ಕೊಡುತ್ತಾ ಬಂದಿವೆ.

ಈ ಹಣ ಇಡೀ ದೇಶಕ್ಕೆ ಹಂಚಿಕೆಯಾಗಬೇಕು. ನಿಮ್ಮ ಊರಿನ ಪಾಲಿಗೆ ಬರುವುದು ಕೆಲವೇ ಲಕ್ಷ. ಅದೇ ಶಾಖೆಯಲ್ಲಿ ನಿಮ್ಮೂರಿನವರ ಬೆಳೆ ಸಾಲವೇ ಕೋಟಿಗಳಲ್ಲಿ ಇರುತ್ತದೆ. ನೆರೆ ಬಂದ ವರ್ಷ ಆ ಸಾಲವನ್ನು ಬ್ಯಾಂಕು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ಊರಿನ ಪಾಲಿಗೆ ದೊಡ್ಡ ನೆರವು. ದೇಣಿಗೆಯ ಚೆಕ್ಕಿನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಇದು ಬರುವುದಿಲ್ಲ. ಆದರೆ ಮನೆ ಉಳಿಸುವುದು ಇದೇ. ವಿವರ ರಾತ್ರಿ ಬರೆಯುತ್ತೇನೆ.

ಶಾಲೆ ಮೇಷ್ಟ್ರು

ಸಾಲದ ಮಾತು ಸರಿ ಸರ್, ಆದರೆ ದೇಣಿಗೆಯನ್ನು ಹಗುರ ಮಾಡಬೇಡಿ. ನೆರೆ ಬಂದರೆ ಜನ ಬಂದು ಸೇರುವುದು ನಮ್ಮ ಶಾಲೆಗೇ. ಜಿಲ್ಲಾಡಳಿತದ ಪಟ್ಟಿಯಲ್ಲಿ ಅದು ‘ಕಾಳಜಿ ಕೇಂದ್ರ’. ಬಾಣಂತಿ, ಮುದುಕರು, ಕೂಸುಗಳು ಎಲ್ಲರಿಗೂ ಸೇರಿ ಎರಡು ಶೌಚಾಲಯ. ಕರೆಂಟು ಹೋದರೆ ಬೋರ್‌ವೆಲ್ ನಿಲ್ಲುತ್ತದೆ, ಫೋನು ಸಾಯುತ್ತದೆ. ಹೆಣ್ಣುಮಕ್ಕಳು ಕತ್ತಲಾಗುವ ತನಕ ನೀರು ಕುಡಿಯದೇ ಕೂತಿರುತ್ತಾರೆ. ಯಾಕೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಚು ಬೇಡ ಎನ್ನುವುದಾದರೆ ಬೇಡ. ಬಾಗಿಲಿಗೆ ಒಳಚಿಲಕ ಇರುವ ನಾಲ್ಕು ಶೌಚಾಲಯ, ಛಾವಣಿಯ ಮೇಲೆ ಸೋಲಾರ್, ನೆಲದಿಂದ ಎತ್ತರಿಸಿದ ಒಂದು ಕೋಣೆ, ಇಷ್ಟು ಕೇಳಿ. ಉಳಿದ ದಿನ ಮಕ್ಕಳಿಗೆ ಆಗುತ್ತದೆ, ಆ ದಿನ ಊರಿಗೆ ಆಗುತ್ತದೆ. ಕೆಲವೇ ಲಕ್ಷ ಅಂದಿರಲ್ಲ, ಆ ಕೆಲವು ಲಕ್ಷಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಮಲಪ್ರಭಾ ದಂಡೆ

ಮೇಷ್ಟ್ರೇ, ಇದನ್ನು ಬರೆದುಕೊಂಡೆ. ಬೆಂಚು ಕೇಳಿದವರಿಗೂ ಒಪ್ಪಿಗೆಯಾಗುತ್ತದೆ.

ಬ್ಯಾಂಕ್ ಮಿತ್ರ, ಕೃಷ್ಣಾ ತೀರ

ನಾನು ಅಥಣಿ ಕಡೆ ಬ್ಯಾಂಕ್ ಮಿತ್ರನಾಗಿ ಕೆಲಸ ಮಾಡುತ್ತೇನೆ. ಮೈಕ್ರೋ ಎಟಿಎಂ ಹಿಡಿದುಕೊಂಡು ಹಳ್ಳಿಗಳಿಗೆ ಹೋಗುವವರಲ್ಲಿ ಒಬ್ಬ. ನೆರೆಯ ವಾರದಲ್ಲಿ ಜನರ ಹತ್ತಿರ ಹಣವೇ ಇಲ್ಲ ಅಂತಲ್ಲ, ಇರುವ ಹಣ ಕೈಗೆ ಬರುವುದಿಲ್ಲ. ಪಿಂಚಣಿ ಖಾತೆಯಲ್ಲಿದೆ, ಹಾಲಿನ ಬಿಲ್ಲು ಖಾತೆಯಲ್ಲಿದೆ. ಶಾಖೆಗೆ ಹೋಗುವ ಸೇತುವೆ ಮುಳುಗಿದೆ, ಎಟಿಎಂನಲ್ಲಿ ಕರೆಂಟಿಲ್ಲ, ಪಾಸ್‌ಬುಕ್ಕು ನೀರಲ್ಲಿ ಹೋಗಿದೆ.

ಒಂದು ಸಣ್ಣ ವಿಷಯ ಹೇಳುತ್ತೇನೆ, ಮೇಲಿನ ಕಚೇರಿಯಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ. ದಿನವಿಡೀ ನೀರಲ್ಲಿ ಸಾಮಾನು ಎಳೆದವರ ಬೆರಳು ಸುಕ್ಕುಗಟ್ಟಿ ಬೆಳ್ಳಗಾಗಿರುತ್ತದೆ. ಬೆರಳಚ್ಚು ಯಂತ್ರ ಒಪ್ಪುವುದಿಲ್ಲ. ಒಬ್ಬಜ್ಜಿಯ ಹತ್ತೂ ಬೆರಳು ಇಟ್ಟು ನೋಡಿದೆ. ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಹತ್ತಿರ ಕೈ ಕಾಯಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟಾಗ ಎಡಗೈ ಉಂಗುರ ಬೆರಳು ಹತ್ತಿತು. ಆಧಾರ್ ಮೇಲೆ ಹಣ ತೆಗೆಯುವಾಗ ಒಂದು ಸಲಕ್ಕೆ ಗರಿಷ್ಠ ₹10,000. ಆ ಅಜ್ಜಿಗೆ ಬೇಕಾಗಿದ್ದದ್ದು ಮಾತ್ರೆಗೆ ಮುನ್ನೂರು.

ಆದ್ದರಿಂದ ನಿಮ್ಮ ಪತ್ರದಲ್ಲಿ ಇದನ್ನು ಬರೆಯಿರಿ: ಕಾಳಜಿ ಕೇಂದ್ರದಲ್ಲಿ ಬ್ಯಾಂಕಿನ ಒಂದು ಟೇಬಲ್ ಬೇಕು. ಒಬ್ಬ ಸಿಬ್ಬಂದಿ, ನಗದು, ಯಂತ್ರ, ಕಣ್ಣಿನ ಗುರುತು ಹಿಡಿಯುವ ಸಾಧನ ಇದ್ದರೆ ಅದೂ. ನೆಟ್‌ವರ್ಕ್ ಸತ್ತರೆ ಸಹಿ ಹಾಕಿಸಿಕೊಂಡು ಸಣ್ಣ ಮೊತ್ತ ಕೊಡುವ ಅಧಿಕಾರ ಮ್ಯಾನೇಜರಿಗೆ ಮೊದಲೇ ಇರಬೇಕು. ನೆರೆ ಬಂದ ಮೇಲೆ ಅನುಮತಿ ಕೇಳಲು ಫೋನೇ ಹೋಗುವುದಿಲ್ಲ.

ಗೋಕಾಕ ಅಕ್ಕ

ಅಣ್ಣಾರ, ನಾ ಸ್ವಸಹಾಯ ಸಂಘದ ಲೆಕ್ಕಾ ಬರಿಯಾಕಿ. ನೀವೆಲ್ಲಾರೂ ಬ್ಯಾಂಕಿನವರು ಕೊಡೂದರ ಬಗ್ಗೆ ಮಾತಾಡಾಕತ್ತೀರಿ, ನಾ ಕಸಗೊಳ್ಳೂದರ ಬಗ್ಗೆ ಹೇಳ್ತೀನಿ.

2019ರಾಗ ಮನಿಗೆ ನೀರು ಹೊಕ್ಕವರಿಗೆ ಸರಕಾರ ₹10,000 ತುರ್ತು ಪರಿಹಾರ ಕೊಟ್ಟಿತ್ತು. ನಮ್ಮ ಸಂಘದ ಒಬ್ಬಾಕಿ ಖಾತೆಗೆ ರೊಕ್ಕ ಬಂತು. ಬಂದ ದಿನಾನ ಹಳೇ ಸಾಲಕ್ಕ ಮುರಕೊಂಡಿದ್ರು. ಪಾಸ್‌ಬುಕ್ಕಿನ್ಯಾಗ ಒಂದು ಸಾಲು ಜಮಾ, ಅದರ ಕೆಳಗಿನ ಸಾಲು ಖರ್ಚು, ಬಾಕಿ ಸೊನ್ನಿ. ಆಕಿ ಆ ಪುಸ್ತಕ ಹಿಡಕೊಂಡು ನನ್ನ ಕಡೆ ಬಂದು “ಅಕ್ಕಾ, ಇದನ್ನ ಓದಿ ಹೇಳ್ರಿ, ನನಗ ತಿಳಿವಲ್ದು” ಅಂದ್ಲು. ಆಕಿಗೆ ತಿಳಿದಿತ್ತು. ನನ್ನ ಬಾಯಿಲೆ ಬ್ಯಾರೇ ಏನರ ಬಂದೀತು ಅಂತ ಕೇಳಿದ್ದು.

ಬ್ಯಾಂಕಿನ ಹೆಸರು ಬ್ಯಾಡ. ಆಮ್ಯಾಲ ಎಲ್ಲಾರೂ ಕೂಡಿ ಹೋಗಿ ಕೇಳಿದ್ವಿ, ತಿರುಗಿ ಹಾಕಿದ್ರು. ಹೋಗಲಾರದವರ ಗತಿ ಏನು? ಅದs ಶಾಖೆಯವರು ಮರುವಾರ ಚಾದರ ಹಂಚಿದ್ರು. ಚಾದರ ತಗೊಳ್ಳೂವಾಗ ನಮ್ಮ ಹೆಣ್ಣುಮಕ್ಕಳು ಮುಖಾ ಮ್ಯಾಲೆತ್ತಲಿಲ್ಲ.

ಮಲಪ್ರಭಾ ಅಣ್ಣಾ, ಪತ್ರದಾಗ ಇದನ್ನ ಮೊದಲನೇದಾಗಿ ಬರೀರಿ. ಪರಿಹಾರದ ರೊಕ್ಕಾ ಮುಟ್ಟಬ್ಯಾಡ್ರಿ ಅಂತ.

ನಿವೃತ್ತ ಫೀಲ್ಡ್ ಆಫೀಸರ್

ಅಕ್ಕಾವರ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಉಳಿದದ್ದು ಆಮೇಲೆ.

ಇದು ಒಂದೂರಿನ ಸಮಸ್ಯೆ ಅಲ್ಲ. ಸಾಲದ ಖಾತೆಗೆ ಆ ಖಾತೆ ಜೋಡಿಸಿದ್ದರೆ ಕಂಪ್ಯೂಟರು ತಾನೇ ಕಂತು ಎಳೆದುಕೊಳ್ಳುತ್ತದೆ, ಬಂದದ್ದು ಪರಿಹಾರವೋ ಹತ್ತಿ ಮಾರಿದ ಹಣವೋ ಅದಕ್ಕೆ ಗೊತ್ತಾಗುವುದಿಲ್ಲ. 2023ರ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿ, 2024ರಲ್ಲಿ ಪರಿಹಾರ ಖಾತೆಗಳಿಗೆ ಬಂದಾಗಲೂ ಇದೇ ದೂರು ಎದ್ದಿತು. ಹಲವು ಜಿಲ್ಲಾಧಿಕಾರಿಗಳು ಪರಿಹಾರದ ಹಣವನ್ನು ಸಾಲಕ್ಕೆ ಜಮಾ ಮಾಡಬಾರದು ಎಂದು ಬ್ಯಾಂಕುಗಳಿಗೆ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಅದೇ ವರ್ಷ ಜುಲೈ 30ರ ವಯನಾಡಿನ ಭೂಕುಸಿತದ ನಂತರವೂ ಬದುಕುಳಿದವರ ಪರಿಹಾರದಿಂದ ಕಂತು ಕಡಿದದ್ದಕ್ಕೆ ಕೇರಳದಲ್ಲಿ ದೊಡ್ಡ ಗದ್ದಲವಾಯಿತು, ಹಣ ವಾಪಸಾಯಿತು. ಇನ್ನೊಂದು ಕಡೆ ಅದೇ ದುರಂತದಲ್ಲಿ ಕೇರಳ ಬ್ಯಾಂಕ್ ತನ್ನ ಚೂರಲ್‌ಮಲ ಶಾಖೆಯಲ್ಲಿ ಸಾಲ ಪಡೆದು ಮೃತಪಟ್ಟವರ, ಮನೆ ಮತ್ತು ಅಡವಿಟ್ಟ ಆಸ್ತಿ ಕಳೆದುಕೊಂಡವರ ಸಾಲ ಮನ್ನಾ ಮಾಡಿತು. ಎರಡೂ ಒಂದೇ ಗುಡ್ಡದ ಕೆಳಗೆ ನಡೆದದ್ದು.

ನೀವು ಕೇಳಬೇಕಾದದ್ದು: ವಿಪತ್ತು ಘೋಷಣೆಯಾದ ಕೂಡಲೇ ಬಾಧಿತ ಊರುಗಳ ಖಾತೆಗಳಲ್ಲಿ ಸ್ವಯಂಚಾಲಿತ ಕಡಿತ ನಿಲ್ಲಿಸುತ್ತೇವೆ ಎಂಬ ಲಿಖಿತ ಭರವಸೆ. ಪ್ರಾದೇಶಿಕ ಕಚೇರಿ ಒಂದು ಆದೇಶ ಹೊರಡಿಸಿದರೆ ಆಗುವ ಕೆಲಸ. ಬ್ಯಾಂಕಿಗೆ ನಯಾಪೈಸೆ ಖರ್ಚಿಲ್ಲ.

ಇನ್ನು ಬೆಳೆ ಸಾಲ. ರಿಸರ್ವ್ ಬ್ಯಾಂಕ್ 2018ರಲ್ಲಿ ಪ್ರಕೃತಿ ವಿಕೋಪಕ್ಕೆ ಸಿಕ್ಕ ಪ್ರದೇಶಗಳಿಗೆಂದೇ ನಿರ್ದೇಶನ ಕೊಟ್ಟಿತ್ತು. ಅದರ ಪ್ರಕಾರ ಬೆಳೆ ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಲದ ಅವಧಿ ವಿಸ್ತರಿಸಬಹುದಿತ್ತು. ನಷ್ಟ ಶೇ. 33ರಿಂದ 50ರ ನಡುವೆ ಇದ್ದರೆ ಗರಿಷ್ಠ 2 ವರ್ಷ, 50 ಮೀರಿದರೆ ಗರಿಷ್ಠ 5 ವರ್ಷ. ಎರಡರಲ್ಲೂ ಮೊದಲ ಒಂದು ವರ್ಷ ಕಂತಿಗೆ ಬಿಡುವು ಇತ್ತು. ಇದಕ್ಕಾಗಿ ಹೆಚ್ಚುವರಿ ಅಡಮಾನ ಕೇಳುವಂತಿರಲಿಲ್ಲ. ಖಾತೆ ಸುಸ್ತಿ ಆಗುತ್ತಿರಲಿಲ್ಲ, ಹಾಗಾಗಿ ಮುಂದಿನ ಬೆಳೆಗೆ ಹೊಸ ಸಾಲವೂ ಸಿಗುತ್ತಿತ್ತು. ಊಟ ಬಟ್ಟೆಯ ಖರ್ಚಿಗೆ ಅಡಮಾನವಿಲ್ಲದೆ ₹10,000ದವರೆಗೆ ಸಾಲ ಕೊಡಲೂ ಅವಕಾಶ ಇತ್ತು. ಈ ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಅರ್ಜಿ ಬರೆಯುವ ದಿನ ಜಾರಿಯಲ್ಲಿರುವ ಸುತ್ತೋಲೆಯನ್ನು ಶಾಖೆಯಲ್ಲೇ ತೋರಿಸಲು ಕೇಳಿ.

ತೊಡಕು ಎಲ್ಲಿದೆ ಎಂದರೆ, ರಾಜ್ಯ ಅಥವಾ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಮಿತಿ ಸಭೆ ಸೇರಿ ತೀರ್ಮಾನಿಸಬೇಕು, ಸರಕಾರದ ಘೋಷಣೆ ಬೇಕು, ನಷ್ಟದ ಪ್ರಮಾಣಕ್ಕೆ ಕಂದಾಯ ಇಲಾಖೆಯ ದಾಖಲೆ ಬೇಕು. ಇಷ್ಟೆಲ್ಲ ಆದ ಮೇಲೂ ರೈತ ಶಾಖೆಗೆ ಹೋಗಿ ಸಹಿ ಹಾಕಬೇಕು. ನನ್ನ ಸೇವೆಯಲ್ಲಿ ಕಂಡದ್ದು ಏನೆಂದರೆ, ಅವಕಾಶ ಇದೆ ಎಂದೇ ಬಹಳ ರೈತರಿಗೆ ಯಾರೂ ಹೇಳಿರುವುದಿಲ್ಲ. ಒಂದು ಭಾನುವಾರ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಅರ್ಜಿ ತುಂಬಿಸಿಕೊಂಡರೆ ಬ್ಯಾಂಕು ಊರಿಗೆ ಮಾಡುವ ಉಪಕಾರ ಸಣ್ಣದಲ್ಲ.

ಸೊಸೈಟಿ ನಿರ್ದೇಶಕ, ಗದಗ

ಆಫೀಸರ್ ಸಾಹೇಬರು ಹೇಳಿದ್ದಕ್ಕೆ ಇನ್ನೊಂದು ಮಗ್ಗುಲೂ ಇದೆ, ಹೇಳದೆ ಇದ್ದರೆ ತಪ್ಪಾಗುತ್ತದೆ. ಅವಧಿ ವಿಸ್ತರಣೆ ಎಂದರೆ ಮನ್ನಾ ಅಲ್ಲ. ಬಡ್ಡಿ ಓಡುತ್ತಲೇ ಇರುತ್ತದೆ. ನಮ್ಮ ಸೊಸೈಟಿಗಳಲ್ಲಿ ಶೂನ್ಯ ಬಡ್ಡಿಯ ಸಾಲ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ. ಅರ್ಧ ಬೆಳೆ ಉಳಿದವನು, ಹೇಗೋ ಹೊಂದಿಸಿ ಕಟ್ಟಬಲ್ಲವನು, ಎಲ್ಲರ ಜೊತೆ ತಾನೂ ಸಹಿ ಹಾಕಿ ಬಂದರೆ ಅವನಿಗೇ ನಷ್ಟವಾಗಬಹುದು. ಸಹಿ ಹಾಕುವ ಮುಂಚೆ ಪ್ರತಿಯೊಬ್ಬನ ಲೆಕ್ಕ ಬೇರೆ ಬೇರೆಯಾಗಿ ಮಾಡಿಸಿ. ಮೊದಲ ವರ್ಷಕ್ಕೆ ಬಡ್ಡಿ ರಿಯಾಯಿತಿ ಎಷ್ಟು, ಎರಡನೇ ವರ್ಷದಿಂದ ದರ ಎಷ್ಟು ಎಂಬುದನ್ನು ಬರೆಸಿಕೊಳ್ಳಿ.

ಮನ್ನಾದ ಬಗ್ಗೆ ಒಂದು ಮಾತು. ಬ್ಯಾಂಕಿನ ಹಣ ಯಾರದು? ಠೇವಣಿ ಇಟ್ಟವರದು. ನಮ್ಮ ಸೊಸೈಟಿಯಲ್ಲಿ ಠೇವಣಿ ಇಟ್ಟವರೂ ಅದೇ ಊರಿನವರು, ಸಾಲ ತೆಗೆದವರೂ ಅದೇ ಊರಿನವರು. ಮೇಲಿನ ಓಣಿಯ ವಿಧವೆಯ ಠೇವಣಿಯಿಂದ ಕೆಳಗಿನ ಓಣಿಯವನ ಸಾಲ ಮನ್ನಾ ಮಾಡಲು ನನಗೆ ಅಧಿಕಾರ ಇಲ್ಲ, ಇರಲೂಬಾರದು. ಮಾಡುವುದಾದರೆ ಲಾಭದಿಂದ ಮಾಡಬೇಕು, ಸರಕಾರ ತುಂಬಿಕೊಡಬೇಕು. 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ದಾನ ಮಾಡಲಿಕ್ಕಲ್ಲ. ರೈತ ಕಷ್ಟಕ್ಕೆ ಸಿಕ್ಕಾಗ ಸಾಹುಕಾರನ ಬಾಗಿಲಿಗೆ ಹೋಗದಿರಲಿ ಎಂದು. ಆ ಬಾಗಿಲಿಗೆ ಕಳಿಸದೆ ಇದ್ದರೆ ಬ್ಯಾಂಕು ತನ್ನ ಕೆಲಸ ಮಾಡಿದಂತೆ.

ಗೋಕಾಕ ಅಕ್ಕ

ನಿರ್ದೇಶಕರ ಮಾತು ಖರೇ ಐತ್ರಿ. ನಮಗೂ ಮನ್ನಾ ಬೇಕಾಗಿಲ್ಲ, ಯಾಳೆ ಬೇಕು. ನಮ್ಮ ಸಂಘದಾಗ ನೀರು ಬಂದ ವರ್ಷ ನಾವs ಕೂಡಿ ಠರಾವು ಬರದ್ವಿ: ದೀಪಾವಳಿ ತನಕಾ ಯಾರಿಗೂ ಕಂತು ಕೇಳೂದಿಲ್ಲ ಅಂತ. ಎಲ್ಲಾರೂ ಕಟ್ಟಿದ್ರು. ಆದ್ರ ವಾರದ ಕಂತಿನ ಖಾಸಗಿ ಕಂಪನಿಯವರು ಕಾಳಜಿ ಕೇಂದ್ರದ ಬಾಗಿಲಿಗೇ ಬಂದು ನಿಂತಿದ್ರು. ಆ ಕಂತು ಕಟ್ಟಾಕ ಕಿವ್ಯಾನ ಬೆಂಡೋಲಿ ಮಾರಿದವರು ಅದಾರ. ಬ್ಯಾಂಕಿನವರು ಆ ವಾರದಾಗ ಸಂಘಕ್ಕ ಒಂದು ಸಣ್ಣ ಸಾಲ ಕೊಟ್ಟಿದ್ರ ಬೆಂಡೋಲಿ ಉಳೀತಿದ್ವು.

ಕರಾವಳಿ ಓದುಗ

ಈ ಚರ್ಚೆ ಓದುತ್ತಾ ನಮ್ಮ ಕಡೆಯ ಬ್ಯಾಂಕುಗಳ ಹುಟ್ಟು ನೆನಪಾಯಿತು. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು ₹8,000 ಬಂಡವಾಳದಲ್ಲಿ. ಆಗ ಕೈಮಗ್ಗ ಕುಸಿದು ನೇಕಾರರು ಬೀದಿಗೆ ಬಿದ್ದಿದ್ದರು, ಅವರ ಕೈಗೆ ಹಣ ಸೇರಲಿ ಎಂಬುದೇ ಉದ್ದೇಶ. 1928ರಿಂದ ಪಿಗ್ಮಿ ಬಂತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಬಡವರಿಗೆ ದಾನಕ್ಕಿಂತ ಆಪತ್ತಿಗೆ ಆಗುವ ಸ್ವಂತ ಗಂಟು ಮುಖ್ಯ ಎಂದು ಅವರು ನಂಬಿದ್ದರು. ನಾನೂ ನಂಬುತ್ತೇನೆ.

ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ ಕಟ್ಟುವ ಮೊದಲೇ 1891ರಲ್ಲಿ ಶಾಲೆ ಕಟ್ಟಿದ್ದರು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ. ಶಾಲೆ ಮೊದಲು, ಬ್ಯಾಂಕು ಆಮೇಲೆ. ಮೇಷ್ಟ್ರಿಗೆ ಇದು ಇಷ್ಟವಾದೀತು.

ಇನ್ನೊಂದು, 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಈ ಎರಡು ಬ್ಯಾಂಕುಗಳು ಸೇರಿ ರುಡ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಆರಂಭಿಸಿದವು. ಹಳ್ಳಿಯ ಹುಡುಗರಿಗೆ ಊಟ ವಸತಿ ಸಹಿತ ಉಚಿತ ತರಬೇತಿ, ಆಮೇಲೆ ಸಾಲ. ಅದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿಗಳಿವೆ, ನಡೆಸುವುದು ಬ್ಯಾಂಕುಗಳೇ. ನೆರೆಯಲ್ಲಿ ಹೊಲ ಮರಳಾಗಿ ಹೋದ ಮನೆಯ ಮಕ್ಕಳಿಗೆ ಮೋಟಾರು ರಿಪೇರಿ, ಹೊಲಿಗೆ, ಪ್ಲಂಬಿಂಗ್ ಕಲಿಸಿ ಎಂದು ನಿಮ್ಮ ಜಿಲ್ಲೆಯ ಆರ್‌ಸೆಟಿಗೆ ಕೇಳಿ. ಬ್ಯಾಂಕಿನ ದೇಣಿಗೆಯ ಹಣವನ್ನೇ ಇದಕ್ಕೆ ಖರ್ಚು ಮಾಡಬೇಕಾಗಿಯೂ ಇಲ್ಲ.

ಮಡಿಕೇರಿ ಮಳೆ

ಕೊಡಗಿನಿಂದ ಬರೆಯುತ್ತಿದ್ದೇನೆ. 2018ರ ಆಗಸ್ಟ್ ನಮ್ಮ ಕಡೆ ಹೇಗಿತ್ತು ಎಂದು ಎಲ್ಲರಿಗೂ ಗೊತ್ತು. ಗುಡ್ಡ ಜಾರಿದಾಗ ಮನೆಯ ಜೊತೆ ಬೀರೂ ಹೋಗುತ್ತದೆ, ಬೀರಿನ ಜೊತೆ ಆಧಾರ್, ಆರ್‌ಟಿಸಿ, ಪಾಸ್‌ಬುಕ್ಕು ಎಲ್ಲ. ದಾಖಲೆ ಇಲ್ಲದೆ ಖಾತೆ ತೆರೆಯಲಾಗದು ಎಂದು ಯಾರಾದರೂ ಹೇಳಿದರೆ, ಆಫೀಸರ್ ಸಾಹೇಬರು ಹೇಳಿದ 2018ರ ನಿರ್ದೇಶನದಲ್ಲೇ ಇದಕ್ಕೂ ದಾರಿ ಇತ್ತು ಎಂದು ನೆನಪಿಸಿ. ಖಾತೆಯಲ್ಲಿ ಬಾಕಿ ₹50,000 ಮೀರದೆ, ವರ್ಷದ ಒಟ್ಟು ಜಮಾ ₹1 ಲಕ್ಷ ಮೀರದೆ ಇದ್ದರೆ, ಪರಿಹಾರ ಅದಕ್ಕಿಂತ ಹೆಚ್ಚಿದ್ದರೆ ಆ ಮೊತ್ತದವರೆಗೂ, ಸರಳ ಗುರುತಿನ ಮೇಲೆ ಖಾತೆ ತೆರೆಯಬಹುದಿತ್ತು. ಶಾಖೆಯೇ ಮುಳುಗಿದರೆ ಬೇರೆ ಕಟ್ಟಡದಿಂದ ತಾತ್ಕಾಲಿಕವಾಗಿ ನಡೆಸಲೂ ಅವಕಾಶ ಇತ್ತು.

ನೆನೆದ ನೋಟು: ಒಂದಕ್ಕೊಂದು ಅಂಟಿಕೊಂಡದ್ದನ್ನು ಎಳೆದು ಬಿಡಿಸಬೇಡಿ, ಇಸ್ತ್ರಿ ಹಾಕಬೇಡಿ. ನೆರಳಲ್ಲಿ ಗಾಳಿಗೆ ಒಣಗಿಸಿ. ಮಾಸಿದ ನೋಟು ಯಾವ ಬ್ಯಾಂಕಿನ ಶಾಖೆಯೂ ಬದಲಿಸಿ ಕೊಡಬೇಕು, ನೀವು ಅಲ್ಲಿ ಖಾತೆ ಹೊಂದಿರಬೇಕಾಗಿಲ್ಲ. ಬಿಡಿಸಲಾಗದಂತೆ ಗಟ್ಟಿಯಾದ ಕಟ್ಟು ಮಾತ್ರ ರಿಸರ್ವ್ ಬ್ಯಾಂಕಿನ ಕಚೇರಿಗೇ ಹೋಗಬೇಕಾಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದದ್ದು ವಿಮೆಯ ಬಗ್ಗೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ₹20, ಅಪಘಾತದಲ್ಲಿ ಸತ್ತರೆ ₹2 ಲಕ್ಷ. ಪ್ರಕೃತಿ ವಿಕೋಪದ ಸಾವೂ ಅಪಘಾತವೆಂದೇ ಲೆಕ್ಕ. ಅದರ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ₹20 ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಮರುದಿನವೇ ಮಳೆಗಾಲ. ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ. ಇನ್ನೂ ಬೇಸರದ್ದು, ವಿಮೆ ಇದ್ದರೂ ಸತ್ತವರ ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಯಾರ ಖಾತೆಯಿಂದ ವಿಮೆಯ ಕಂತು ಹೋಗಿದೆ ಎಂಬುದು ಬ್ಯಾಂಕಿನ ಕಂಪ್ಯೂಟರಿನಲ್ಲಿದೆ. ಸತ್ತವರ ಪಟ್ಟಿ ತಹಶೀಲ್ದಾರರ ಬಳಿ ಇದೆ. ಎರಡನ್ನೂ ಹೊಂದಿಸಿ ನೋಡಿ, ಬ್ಯಾಂಕಿನವರೇ ಆ ಮನೆಗೆ ಹೋಗಿ ಅರ್ಜಿ ತುಂಬಿಸಬೇಕು. ಇದನ್ನು ದಯವಿಟ್ಟು ಪತ್ರದಲ್ಲಿ ಸೇರಿಸಿ.

ಕರಾವಳಿ ಓದುಗ

ಬ್ಯಾಂಕ್ ಮಿತ್ರರು ಹೇಳಿದ ‘ಸಹಿ ಮೇಲೆ ಸಣ್ಣ ಮೊತ್ತ’ ಆಗದ ಮಾತು ಎಂದು ಮೇಲಿನವರು ಹೇಳಿದರೆ, ಇದನ್ನು ತೋರಿಸಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ದಿನವೇ ಜಪಾನಿನ ಹಣಕಾಸು ನಿಯಂತ್ರಕರು ಮತ್ತು ಅಲ್ಲಿನ ಕೇಂದ್ರ ಬ್ಯಾಂಕು, ಪಾಸ್‌ಬುಕ್ಕು, ಮುದ್ರೆ ಕಳೆದುಕೊಂಡ ಠೇವಣಿದಾರರಿಗೂ ಗುರುತು ವಿಚಾರಿಸಿ ಹಣ ಕೊಡಿ ಎಂದು ಬ್ಯಾಂಕುಗಳಿಗೆ ಹೇಳಿದವು. ಸಹಿಯ ಬದಲು ಮುದ್ರೆ ಒತ್ತುವ ರೂಢಿ ಇರುವ ದೇಶ ಅದು.

ಮಲಪ್ರಭಾ ದಂಡೆ

ಎಲ್ಲರಿಗೂ ಕೈಮುಗಿಯುತ್ತೇನೆ. ಪತ್ರದ ಕರಡು ಹೀಗೆ ಮಾಡಿದ್ದೇನೆ.

ದೇಣಿಗೆಯ ಹಣದಲ್ಲಿ ಶಾಲೆಗೆ ಶೌಚಾಲಯ, ಸೋಲಾರ್, ಎತ್ತರದ ಕೋಣೆ ಕೇಳುತ್ತೇವೆ. ಅದು ಕಾಳಜಿ ಕೇಂದ್ರ ಎಂಬ ಜಿಲ್ಲಾಡಳಿತದ ಆದೇಶದ ಪ್ರತಿ ಲಗತ್ತಿಸುತ್ತೇವೆ. ಹಣವಿಲ್ಲದೆ ಆಗುವ ಕೆಲಸಗಳು ಬೇರೆ ಹಾಳೆಯಲ್ಲಿ. ಮೊದಲನೆಯದು ಗೋಕಾಕದ ಅಕ್ಕಾವರದ್ದೇ: ಪರಿಹಾರದ ಹಣ ಸಾಲಕ್ಕೆ ಮುರಿದುಕೊಳ್ಳುವುದಿಲ್ಲ ಎಂಬ ಲಿಖಿತ ಭರವಸೆ. ಆಮೇಲೆ ಕಾಳಜಿ ಕೇಂದ್ರದಲ್ಲಿ ಟೇಬಲ್, ಊರಿಗೇ ಬಂದು ಸಾಲ ವಿಸ್ತರಣೆಯ ಅರ್ಜಿ, ರೈತನೊಬ್ಬೊಬ್ಬನ ಬಡ್ಡಿ ಲೆಕ್ಕ ಬರಹದಲ್ಲಿ, ಸ್ವಸಹಾಯ ಸಂಘಗಳಿಗೆ ತುರ್ತು ಸಾಲ, ಮೇ ತಿಂಗಳಲ್ಲಿ ವಿಮೆ ಶಿಬಿರ.

ಇಷ್ಟೊಂದು ಕೇಳಿದರೆ ಮ್ಯಾನೇಜರ್ ಸಾಹೇಬರು ಬೇಸರ ಮಾಡಿಕೊಂಡಾರೇ? ಒಳ್ಳೆಯ ಮನುಷ್ಯ, ಅವರಿಗೆ ತೊಂದರೆ ಕೊಡುವ ಮನಸ್ಸಿಲ್ಲ.

ನಿವೃತ್ತ ಫೀಲ್ಡ್ ಆಫೀಸರ್

ಬೇಸರ ಮಾಡಿಕೊಳ್ಳುವುದಿಲ್ಲ, ನಿರಾಳವಾಗುತ್ತಾರೆ. ಶಾಖೆಯವರೂ ಮನುಷ್ಯರೇ. ನೆರೆಯಲ್ಲಿ ಅವರ ಮನೆಯೂ ನೆನೆದಿರುತ್ತದೆ, ಅಧಿಕಾರ ಕೈಯಲ್ಲಿಲ್ಲದೆ ಜನರ ಮುಖ ನೋಡಬೇಕಾಗುತ್ತದೆ. ಊರಿನ ಪತ್ರ ಕೈಯಲ್ಲಿದ್ದರೆ ಅವರು ಮೇಲಿನವರನ್ನು ಕೇಳಬಹುದು. ಎರಡು ತಿದ್ದುಪಡಿ: ಪತ್ರದ ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೂ ಕಳಿಸಿ. ಬ್ಯಾಂಕರುಗಳ ಜಿಲ್ಲಾ ಸಮಿತಿಯ ಸಭೆ ಕರೆಯುವವರು ಅವರೇ, ನಿಮ್ಮ ಬೇಡಿಕೆ ಅಲ್ಲಿ ಚರ್ಚೆಗೆ ಬಂದರೆ ಉಳಿದ ಬ್ಯಾಂಕುಗಳಿಗೂ ತಲುಪುತ್ತದೆ. ಇನ್ನೊಂದು, ಗ್ರಾಮಸಭೆಯಲ್ಲಿ ಓದಿ ಠರಾವು ಮಾಡಿಸಿ, ನಡಾವಳಿಯ ನಕಲು ಜೊತೆಗಿಡಿ.

ಬ್ಯಾಂಕ್ ಮಿತ್ರ, ಕೃಷ್ಣಾ ತೀರ

ನನ್ನದೊಂದು ಸೇರ್ಪಡೆ. ಈಗ ಬೆಳೆ ಪರಿಹಾರ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಸರಕಾರದ ಹಣಕ್ಕೆಂದು ಆಧಾರಿಗೆ ಕೊನೆಯದಾಗಿ ಯಾವುದನ್ನು ಜೋಡಿಸಿದ್ದಾರೋ ಅದಕ್ಕೇ ಹೋಗುತ್ತದೆ. ಹಿಂದೆಂದೋ ಗ್ಯಾಸ್ ಸಬ್ಸಿಡಿಗೆಂದು ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತಿರುತ್ತದೆ, ಇವರು ಇಲ್ಲಿ ಪಾಸ್‌ಬುಕ್ಕು ಹಿಡಿದು ಅಲೆಯುತ್ತಿರುತ್ತಾರೆ. ಮೈಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕು ಎಂದು ತೋರಿಸುತ್ತದೆ, ಆಧಾರಿಗೆ ಕೊಟ್ಟ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು ಅಷ್ಟೇ. ಖಾತೆ ಬಹಳ ದಿನದಿಂದ ಬಳಸದೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸು ಹೋಗುವುದೂ ಉಂಟು. ಪ್ರತಿ ಮನೆಯದನ್ನೂ ಮಳೆಗೆ ಮೊದಲೇ ನೋಡಿಡಬೇಕು. ವಿಮೆ ಶಿಬಿರದ ದಿನವೇ ಇದನ್ನೂ ಇಟ್ಟುಕೊಳ್ಳಿ, ನಿಮ್ಮ ಶಾಖೆಯ ಬ್ಯಾಂಕ್ ಮಿತ್ರರಿಗೆ ನಾನು ಫೋನಿನಲ್ಲಿ ಎಲ್ಲ ಹೇಳಿಕೊಡುತ್ತೇನೆ.

ಗೋಕಾಕ ಅಕ್ಕ

ಶಿಬಿರಾ ಸಂಜೀಕ ಇಡ್ರಿ, ಆರು ಗಂಟೆ ಮ್ಯಾಲೆ. ಹಗಲ ಹೊತ್ತಿನ್ಯಾಗ ಇಟ್ರ ಕೂಲಿಗೆ ಹೋಗೂ ಹೆಣ್ಣುಮಕ್ಕಳು ಬರೂದಿಲ್ಲ, ಖಾತೆ ಇರೂದು ಅವರ ಹೆಸರಿನ್ಯಾಗನ.

ಮಲಪ್ರಭಾ ದಂಡೆ

ಆಯ್ತು ಅಕ್ಕಾರ, ಸಂಜೆಗೇ ಇಡುತ್ತೇವೆ. ಗ್ರಾಮಸಭೆ ಮುಗಿದ ಮೇಲೆ ಠರಾವಿನ ಪ್ರತಿ ಇಲ್ಲೇ ಹಾಕುತ್ತೇನೆ, ಬೇರೆ ಊರಿನವರು ಹೆಸರು ಬದಲಿಸಿ ಬಳಸಿಕೊಳ್ಳಬಹುದು.